ಲೆಗೊ ರೈಲು: ಹಳಿ, ವಿದ್ಯುತ್ತು, ಹವ್ಯಾಸಿಗಳು

ಲೆಗೊ ಇಟ್ಟಿಗೆಗಳ ರೈಲು ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಓಡಿಸುವ ವಿಧಾನ ಹಲವು ಸಲ ಬದಲಾಗಿದೆ. ಮೊದಲು 4.5 ವೋಲ್ಟಿನ ಬ್ಯಾಟರಿ ಇತ್ತು, ಆಮೇಲೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬಂತು, ಅದಾದ ಮೇಲೆ 9 ವೋಲ್ಟಿನ ಲೋಹದ ಹಳಿ. ಮುಂದೆ ಇನ್‌ಫ್ರಾರೆಡ್ ರಿಮೋಟ್ ಬಂದು, ಈಗ ಬ್ಲೂಟೂತ್ ಇದೆ. ಪ್ರತಿ ಬದಲಾವಣೆಯಲ್ಲೂ ಹಿಂದಿನ ಸಾಮಾನಿನ ಒಂದಷ್ಟು ಭಾಗ ಮೂಲೆ ಸೇರಿತು. ಬದಲಾಗದೆ ಉಳಿದದ್ದು ಎರಡು ಹಳಿಗಳ ನಡುವಿನ ಅಂತರ. ಈ ಆಟಿಕೆಯ ಚರಿತ್ರೆಯನ್ನು ಎಂಜಿನ್ನುಗಳ ಅಂದಚೆಂದದಿಂದ ಅಳೆಯುವವರು ಬಹಳ. ಆದರೆ ಮೋಟಾರಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ, ಹಳಿಯಿಂದಲೋ ಬೋಗಿಯೊಳಗಿನ ಸೆಲ್ಲಿನಿಂದಲೋ ಎಂಬುದನ್ನು ಹಿಡಿದು ನೋಡಿದರೆ ಮಾತ್ರ ಅದರ ಏಳುಬೀಳು ಸ್ಪಷ್ಟವಾಗುತ್ತದೆ.

ಡೆನ್ಮಾರ್ಕಿನ ಬಿಲ್ಲುಂಡ್ 1930ರ ದಶಕದಲ್ಲಿ ಒಂದು ಸಣ್ಣ ಊರು. ಅಲ್ಲಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಆರ್ಥಿಕ ಕುಸಿತದ ದಿನಗಳಲ್ಲಿ ಕಟ್ಟಡದ ಕೆಲಸ ಸಿಗದೆ 1932ರಲ್ಲಿ ಮರದ ಸಾಮಾನುಗಳನ್ನೂ ಆಟಿಕೆಗಳನ್ನೂ ಮಾಡತೊಡಗಿದರು. ಎಳೆದುಕೊಂಡು ಹೋಗುವ ಬಾತುಕೋಳಿ, ಲಾರಿ, ರೈಲು ಎಲ್ಲವೂ ಆ ಕಾರ್ಖಾನೆಯಲ್ಲಿ ತಯಾರಾದವು. ಹಾಗಾಗಿ ಪ್ಲಾಸ್ಟಿಕ್ ಇಟ್ಟಿಗೆಗಿಂತ ಮೊದಲೇ ಲೆಗೊ ಕಂಪನಿಯಲ್ಲಿ ರೈಲು ಇತ್ತು, ಅದು ಮರದ್ದು. ಬ್ರಿಟನ್ನಿನ ಹಿಲರಿ ಫಿಶರ್ ಪೇಜ್ ರೂಪಿಸಿದ್ದ ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಮಾದರಿಯನ್ನು ನೋಡಿ 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳ ತಯಾರಿಕೆ ಆರಂಭವಾಯಿತು. ಓಲೆ ಕಿರ್ಕ್ ಅವರ ಮಗ ಗಾಡ್‌ಫ್ರೆಡ್, ಬಿಡಿ ಆಟಿಕೆಗಳನ್ನು ಮಾರುವ ಬದಲು ಒಂದಕ್ಕೊಂದು ಕೂಡಿಕೊಳ್ಳುವ ಆಟಿಕೆಗಳ ಒಂದು ಇಡೀ ವ್ಯವಸ್ಥೆಯನ್ನು ಕಟ್ಟಬೇಕೆಂದು 1955ರಲ್ಲಿ ಹೊರಟರು. 1958ರ ಜನವರಿ 28ರಂದು, ಮೇಲೆ ಸ್ಟಡ್ ಎಂಬ ಉಬ್ಬು, ಒಳಗೆ ಕೊಳವೆ ಇರುವ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಒಂದು ಇಟ್ಟಿಗೆ ಇನ್ನೊಂದನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವುದು ಆ ಕೊಳವೆಯಿಂದಲೇ. 1960ರಲ್ಲಿ ಮರದ ಆಟಿಕೆಗಳ ವಿಭಾಗಕ್ಕೆ ಬೆಂಕಿ ಬಿದ್ದ ಮೇಲೆ ಮರದ ಕೆಲಸ ನಿಂತೇ ಹೋಯಿತು. 1962ರಲ್ಲಿ ಚಕ್ರ ಬಂತು. ಗಟ್ಟಿಯಾಗಿ ಕಚ್ಚುವ ಇಟ್ಟಿಗೆ ಮತ್ತು ಚಕ್ರ ಎರಡೂ ಸಿಕ್ಕಿದ ಮೇಲೆ ರೈಲು ಬರುವುದು ತಡವಾಗಲಿಲ್ಲ.

ಆಗ ಯುರೋಪಿನಲ್ಲಿ ಆಟಿಕೆ ರೈಲು ಹಳೆಯ ವಿಷಯ. ಜರ್ಮನಿಯ ಗೋಪಿಂಗೆನ್ನಿನ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಹಳಿಗಳ ಅಗಲವನ್ನು ಸಂಖ್ಯೆಗಳಿಂದ ಗುರುತಿಸುವ ಪದ್ಧತಿಯನ್ನು ಮುಂದಿಟ್ಟಿತ್ತು. ಬ್ರಿಟನ್ನಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಿಂದ ರೈಲು ಮಾರುತ್ತಿದ್ದರು. ಈ ರೈಲುಗಳೆಲ್ಲ ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಬಣ್ಣ, ನಂಬರು, ರಿವೆಟ್ಟಿನ ಗುರುತು ಸಹಿತ ನಿಜವಾದ ಎಂಜಿನ್ನಿನ ಪ್ರತಿರೂಪ ಅವು. ಲೆಗೊ ರೈಲು ಆ ಪೈಪೋಟಿಗೆ ಇಳಿಯಲಿಲ್ಲ. ನಿಜದ ಎಂಜಿನ್ನಿಗೆ ಅದರ ಹೋಲಿಕೆ ಕಡಿಮೆ, ಆದರೆ ಅದನ್ನು ಕಟ್ಟಿದ್ದು ಮಗುವೇ, ಬೇಡವೆನಿಸಿದಾಗ ಬಿಚ್ಚುವುದೂ ಮಗುವೇ. ಮಾರ್ಕ್ಲಿನ್ ಎಂಜಿನ್ನು ಎಂದೆಂದಿಗೂ ಅದೇ ಎಂಜಿನ್ನು. ಲೆಗೊ ಎಂಜಿನ್ನು ಮರುದಿನ ಸೇತುವೆಯಾಗಬಹುದು, ಸ್ಟೇಷನ್ನಿನ ಗೋಡೆಯಾಗಬಹುದು. ಮುಂದೆ ಹವ್ಯಾಸಿಗಳು ಈ ರೈಲಿಗೆ ಅಂಟಿಕೊಂಡದ್ದಕ್ಕೆ ಇದೇ ಮೂಲ ಕಾರಣ.

1966ರ ಹಳಿ ನೀಲಿ ಬಣ್ಣದ್ದು. ಇಂದಿನಂತೆ ಎರಡು ಹಳಿಯೂ ಸ್ಲೀಪರೂ ಸೇರಿದ ಒಂದೇ ತುಂಡು ಆಗ ಇರಲಿಲ್ಲ. ಎಡಹಳಿ, ಬಲಹಳಿ ಬೇರೆ ಬೇರೆ ಬರುತ್ತಿದ್ದವು. ಎರಡು ಸ್ಟಡ್ ಅಗಲ, ಎಂಟು ಸ್ಟಡ್ ಉದ್ದದ ಬಿಳಿ ಪ್ಲೇಟುಗಳನ್ನು ಅಡ್ಡಕ್ಕೆ ಜೋಡಿಸಿ, ಅವುಗಳ ಮೇಲೆ ಹಳಿಯನ್ನು ಒತ್ತಿ ಕೂರಿಸಬೇಕಿತ್ತು. ತಿರುವಿನಲ್ಲಿ ಒಳಹಳಿ ಗಿಡ್ಡ, ಹೊರಹಳಿ ಉದ್ದ. ಎರಡನ್ನೂ ಗುರುತಿಟ್ಟು ಜೋಡಿಸಬೇಕು. ಅಂದರೆ ರೈಲು ಕಟ್ಟುವ ಮೊದಲು ದಾರಿ ಕಟ್ಟಬೇಕಿತ್ತು, ನಿಜವಾದ ರೈಲ್ವೆ ಕೂಲಿಯಾಳುಗಳು ಮಾಡುವ ಹಾಗೆಯೇ. ಸ್ಲೀಪರು ಸಾಧಾರಣ ಪ್ಲೇಟೇ ಆದ್ದರಿಂದ ಹಳಿಯ ಪಕ್ಕದಲ್ಲಿ ಸಿಗ್ನಲ್ ಕಂಬ, ಪ್ಲಾಟ್‌ಫಾರ್ಮ್ ಯಾವುದನ್ನೂ ನೇರವಾಗಿ ಅದಕ್ಕೇ ಸಿಕ್ಕಿಸಬಹುದಿತ್ತು. ಇಷ್ಟು ಸ್ವಾತಂತ್ರ್ಯ ಕೊಡುವ ಹಳಿಯನ್ನು ಕಂಪನಿ ಆಮೇಲೆ ಹೊರತರಲಿಲ್ಲ ಎಂದರೂ ತಪ್ಪಾಗದು.

ಎಂಜಿನ್ನಿಗೆ 4.5 ವೋಲ್ಟಿನ ಮೋಟಾರು. ಒಂದೂವರೆ ವೋಲ್ಟಿನ ಮೂರು ಸೆಲ್ಲುಗಳ ಪೆಟ್ಟಿಗೆ ಹಿಂದಿನ ಬೋಗಿಯಲ್ಲಿ ಕೂರುತ್ತಿತ್ತು, ಅಲ್ಲಿಂದ ಮೋಟಾರಿಗೆ ತಂತಿ. ಮೋಟಾರಿಲ್ಲದ, ಕೈಯಲ್ಲಿ ತಳ್ಳುವ ಸೆಟ್ಟುಗಳೂ ಇದ್ದವು. ಬ್ಯಾಟರಿ ರೈಲಿನ ದೊಡ್ಡ ತೊಡಕು ನಿಯಂತ್ರಣದ್ದು. ಒಮ್ಮೆ ಗುಂಡಿ ಒತ್ತಿ ಬಿಟ್ಟರೆ ಅದು ಸೆಲ್ಲು ಸಾಯುವ ತನಕ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಕಂಪನಿಯ ಎಂಜಿನಿಯರುಗಳು ಎರಡು ದಾರಿ ಹುಡುಕಿದರು. ಒಂದು, ಹಳಿಯ ಪಕ್ಕದ ಒಂದು ತುಂಡು ಬ್ಯಾಟರಿ ಬೋಗಿಯ ಸನ್ನೆಯನ್ನು ತಾಗಿ ರೈಲನ್ನು ನಿಲ್ಲಿಸುವುದು ಅಥವಾ ಹಿಂದಕ್ಕೆ ತಿರುಗಿಸುವುದು. ಇನ್ನೊಂದು 1968ರ 118ನೇ ನಂಬರಿನ ಸೆಟ್ಟು: ಸೀಟಿ ಊದಿದರೆ ರೈಲು ಆ ಸದ್ದನ್ನು ಗ್ರಹಿಸಿ ನಿಲ್ಲುತ್ತಿತ್ತು, ಹೊರಡುತ್ತಿತ್ತು. ರಿಮೋಟು ಎಂಬುದು ಮಕ್ಕಳ ಕೈಗೆ ಬರದ ಕಾಲದಲ್ಲಿ ತಂತಿಯಿಲ್ಲದೆ ದೂರದಿಂದ ರೈಲನ್ನು ಆಳಿದ ಈ ಪ್ರಯತ್ನಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

1969ರಲ್ಲಿ 12 ವೋಲ್ಟಿನ ಪದ್ಧತಿ ಬಂತು. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಟ್ರಾನ್ಸ್‌ಫಾರ್ಮರಿನಿಂದ ವಿದ್ಯುತ್ತು ಬರುತ್ತದೆ, ಅದನ್ನು ಮೋಟಾರಿಗೆ ಮುಟ್ಟಿಸುವುದು ಹಳಿ. ಚಕ್ರ ಉರುಳುವ ಎರಡು ಹಳಿಗಳು ಪ್ಲಾಸ್ಟಿಕ್ಕಿನವೇ ಆಗಿ ಉಳಿದವು. ಅವುಗಳ ನಡುವೆ ಲೋಹದ ಪಟ್ಟಿಗಳಿರುವ ಇನ್ನೊಂದು ಹಳಿಯನ್ನು ಸೇರಿಸಲಾಯಿತು. ಮೋಟಾರಿನ ಅಡಿಯ ಸಂಪರ್ಕ ತುಂಡುಗಳು ಆ ಪಟ್ಟಿಗಳ ಮೇಲೆ ಸವರಿಕೊಂಡು ಹೋಗುತ್ತವೆ. ಮಾರ್ಕ್ಲಿನ್ ರೈಲುಗಳಲ್ಲಿ ಮಧ್ಯದಿಂದ ವಿದ್ಯುತ್ತು ಪಡೆಯುವ ಪದ್ಧತಿಯನ್ನು ಕಂಡಿದ್ದ ಜರ್ಮನ್ ಮನೆಗಳಿಗೆ ಇದು ಹೊಸದೇನೂ ಆಗಿರಲಿಲ್ಲ. ಇದರ ಜಾಣತನ ಬೇರೆಡೆ ಇದೆ. 4.5 ವೋಲ್ಟಿನ ರೈಲನ್ನು ಮೊದಲೇ ಕೊಂಡವರು ತಮ್ಮ ಹಳಿಯನ್ನು ಎಸೆಯಬೇಕಿರಲಿಲ್ಲ. ಅದರ ನಡುವೆ ಲೋಹದ ಪಟ್ಟಿ ಸೇರಿಸಿ, ಹೊಸ ಮೋಟಾರು ಹಾಕಿಕೊಂಡರೆ ಸಾಕಿತ್ತು. ಮುಂದಿನ ಬದಲಾವಣೆಗಳಲ್ಲಿ ಕೊಂಡವರ ಬಗ್ಗೆ ಇಷ್ಟು ಕಾಳಜಿ ಕಾಣುವುದಿಲ್ಲ.

1978ರಲ್ಲಿ ಕೈಕಾಲು ಆಡಿಸುವ ಲೆಗೊ ಪುಟ್ಟ ಮನುಷ್ಯರು ಬಂದರು. ಅಲ್ಲಿಯವರೆಗಿನ ರೈಲುಗಳಲ್ಲಿ ಯಾರೂ ಕೂರುತ್ತಿರಲಿಲ್ಲ, ಆದ್ದರಿಂದ ಕಿಟಕಿ ಎಷ್ಟು ದೊಡ್ಡದು, ಬಾಗಿಲು ಎಷ್ಟು ಎತ್ತರ ಎಂಬುದಕ್ಕೆ ಅಳತೆಗೋಲೇ ಇರಲಿಲ್ಲ. ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರದ ಈ ಮನುಷ್ಯ ಬಂದ ಮೇಲೆ ಡ್ರೈವರಿಗೊಂದು ಕ್ಯಾಬಿನ್, ಪ್ರಯಾಣಿಕನಿಗೊಂದು ಸೀಟು, ಗಾರ್ಡಿಗೆ ನಿಲ್ಲುವ ಜಾಗ ಎಲ್ಲವೂ ಬೇಕಾದವು. 1980ರ ಹೊಸ ರೈಲು ಸರಣಿ ಹುಟ್ಟಿದ್ದು ಈ ಅಗತ್ಯದಿಂದ.

ಆ ಸರಣಿಯಲ್ಲಿ ಹಳಿಯ ನೀಲಿ ಹೋಗಿ ಬೂದು ಬಂತು. ಹವ್ಯಾಸಿಗಳು ಇಂದಿಗೂ ಅದನ್ನು ಬೂದು ಕಾಲ ಎಂದೇ ಕರೆಯುತ್ತಾರೆ. 7740ನೇ ನಂಬರಿನ ಇಂಟರ್‌ಸಿಟಿ ಪ್ರಯಾಣಿಕರ ರೈಲು, 7750ನೇ ಉಗಿ ಎಂಜಿನ್ನು, 7760ನೇ ಡೀಸೆಲ್ ಷಂಟಿಂಗ್ ಎಂಜಿನ್ನು, 1985ರ 7745ನೇ ಸಿಟಿ ಎಕ್ಸ್‌ಪ್ರೆಸ್ ಈ ಕಾಲದ ಹೆಸರಾಂತ ಸೆಟ್ಟುಗಳು. ಆದರೆ ಬೂದು ಕಾಲದ ದೊಡ್ಡಸ್ತಿಕೆ ಎಂಜಿನ್ನುಗಳಲ್ಲಿ ಇರಲಿಲ್ಲ. ಹಳಿಯ ಪಕ್ಕದ ಸಾಮಾನುಗಳಲ್ಲಿ ಇತ್ತು. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್, ಸಿಗ್ನಲ್, ಬೋಗಿ ಕಳಚುವ ಸಾಧನ, ರಸ್ತೆ ದಾಟುವಲ್ಲಿನ ಗೇಟು ಎಲ್ಲವನ್ನೂ ದೂರದಿಂದ ವಿದ್ಯುತ್ತಿನಿಂದಲೇ ನಡೆಸಬಹುದಿತ್ತು. ಪ್ರತಿ ಸಾಧನಕ್ಕೂ ಅದರದೇ ಸಣ್ಣ ಸ್ವಿಚ್ ಪೆಟ್ಟಿಗೆ. ಆ ಪೆಟ್ಟಿಗೆಗಳನ್ನು ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೆ ಒಂದರ ಬದಿಗೆ ಒಂದು ಸಿಕ್ಕಿಸುತ್ತಾ ಹೋದರೆ ಸ್ಟೇಷನ್ ಮಾಸ್ಟರನ ಮೇಜಿನಂಥ ಒಂದು ನಿಯಂತ್ರಣ ಫಲಕ ತಯಾರಾಗುತ್ತಿತ್ತು. ನಡುವೆ ವೇಗದ ತಿರುಗಣೆ, ಪಕ್ಕಕ್ಕೆ ಸಾಲಾಗಿ ಸ್ವಿಚ್ಚುಗಳು.

ಇದರಲ್ಲಿ ಸಿಗ್ನಲ್ಲಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸಿಗ್ನಲ್ ಇರುವ ಕಡೆ ನಡುಹಳಿಯ ಒಂದು ತುಣುಕು ಉಳಿದ ಹಳಿಯಿಂದ ವಿದ್ಯುತ್ತಿನ ಮಟ್ಟಿಗೆ ಬೇರೆಯಾಗಿರುತ್ತದೆ. ಫಲಕದಲ್ಲಿ ಸ್ವಿಚ್ ಕೆಂಪಿಗೆ ತಿರುಗಿಸಿದರೆ ದೀಪ ಕೆಂಪಾಗುವುದರ ಜೊತೆಗೆ ಆ ತುಣುಕಿಗೆ ಹೋಗುವ ವಿದ್ಯುತ್ತೂ ಕಡಿಯುತ್ತದೆ. ಅಲ್ಲಿಗೆ ಬಂದ ರೈಲು ತಾನೇ ನಿಲ್ಲುತ್ತದೆ, ಉಳಿದ ಹಳಿಯ ಮೇಲೆ ಇನ್ನೊಂದು ರೈಲು ಓಡುತ್ತಲೇ ಇರುತ್ತದೆ. ಹಸಿರು ಕೊಟ್ಟರೆ ನಿಂತದ್ದು ಮತ್ತೆ ಹೊರಡುತ್ತದೆ. ಹೀಗೆ ಒಂದೇ ಹಳಿಯ ಮೇಲೆ ಎರಡು ರೈಲುಗಳನ್ನು ಡಿಕ್ಕಿಯಾಗದಂತೆ ನಡೆಸುವ ವಿದ್ಯೆ ಒಂಬತ್ತು ಹತ್ತು ವರ್ಷದ ಮಗುವಿಗೆ ಕಂಪ್ಯೂಟರಿನ ಸಹಾಯವಿಲ್ಲದೆ ಕೈವಶವಾಗುತ್ತಿತ್ತು. ಬೋಗಿ ಕಳಚುವ ಸಾಧನ ಮತ್ತು ಪಾಯಿಂಟ್ಸ್ ಜೊತೆಯಾದರೆ ಕೈಯಿಂದ ಮುಟ್ಟದೆಯೇ ಷಂಟಿಂಗ್ ಮಾಡಬಹುದು: ಗೂಡ್ಸ್ ಬೋಗಿಯನ್ನು ಸೈಡಿಂಗಿಗೆ ತಳ್ಳಿ, ಅಲ್ಲಿ ಬಿಟ್ಟು, ಎಂಜಿನ್ನು ಒಂಟಿಯಾಗಿ ಹಿಂದಿರುಗುವುದು. ರೈಲು ಎಂಬ ಆಟಿಕೆ ಬೇರೆ ಕಾಲಗಳಲ್ಲೂ ಚೆನ್ನಾಗಿ ಬಂದಿದೆ. ರೈಲ್ವೆ ಎಂಬ ಇಡೀ ವ್ಯವಸ್ಥೆಯನ್ನು ಮಗುವಿನ ಮುಂದಿಟ್ಟದ್ದು ಬೂದು ಕಾಲ ಒಂದೇ. ಈ ಸಾಮಾನು ಅಗ್ಗದ್ದೇನೂ ಆಗಿರಲಿಲ್ಲ. ಒಂದೊಂದು ಪಾಯಿಂಟ್ಸನ್ನೂ ಒಂದೊಂದು ಹುಟ್ಟುಹಬ್ಬಕ್ಕೆ ಕಾದು ಪಡೆಯುವಂಥ ಬೆಲೆ. ಮಾರಾಟವೂ ಮುಖ್ಯವಾಗಿ ಯುರೋಪಿನದೇ.

1986ರಲ್ಲಿ ಕಂಪನಿ ತನ್ನ ಎಲ್ಲ ವಿದ್ಯುತ್ ಆಟಿಕೆಗಳಿಗೂ ಹೊಂದುವಂತೆ 9 ವೋಲ್ಟಿನ ಹೊಸ ಪದ್ಧತಿಯನ್ನು ತಂದಿತು. ಮೊದಲು ಅದು ಬಾಹ್ಯಾಕಾಶ ಮತ್ತು ಪಟ್ಟಣದ ಸೆಟ್ಟುಗಳಲ್ಲಿ ದೀಪಕ್ಕೂ ಸದ್ದಿಗೂ ಬಳಕೆಯಾಯಿತು. 1987ರಿಂದ ಮಾನೋರೈಲಿನ ಮೂರು ಸೆಟ್ಟುಗಳು ಅದೇ 9 ವೋಲ್ಟಿನಲ್ಲಿ ಬಂದವು. ಒಂದೇ ದಪ್ಪ ಹಳಿಯ ನಡುವೆ ಹಲ್ಲು ಕೊರೆದು, ಏರು ಇಳಿಜಾರುಗಳನ್ನು ಹತ್ತಿಸುವಂತೆ ಮಾಡಿದ ಆ ಮಾನೋರೈಲು 1994ರ ಸೆಟ್ಟಿನೊಂದಿಗೆ ಮುಗಿದೇ ಹೋಯಿತು. ಸಾಧಾರಣ ಲೆಗೊ ರೈಲಿಗೆ ಇಂದಿಗೂ ಏರು ಹತ್ತುವುದು ಕಷ್ಟದ ಕೆಲಸ ಎಂಬುದನ್ನು ನೆನೆದರೆ ಆ ನಷ್ಟ ಸಣ್ಣದಲ್ಲ.

ರೈಲುಗಳಿಗೆ 9 ವೋಲ್ಟ್ ಬಂದದ್ದು 1991ರಲ್ಲಿ. ಈ ಸಲ ನಡುಹಳಿಯನ್ನು ತೆಗೆದು ಹಾಕಿ, ಚಕ್ರ ಉರುಳುವ ಎರಡು ಹಳಿಗಳಿಗೇ ಲೋಹದ ಹೊದಿಕೆ ಹೊದಿಸಲಾಯಿತು. ಒಂದು ಹಳಿ ಧನ, ಇನ್ನೊಂದು ಋಣ. ಮೋಟಾರು ಚಕ್ರಗಳ ಸಮೇತ ಒಂದೇ ಗಟ್ಟಿ ತುಂಡಾಗಿತ್ತು. ಚಕ್ರದ ಲೋಹದ ಅಂಚೇ ಹಳಿಯಿಂದ ವಿದ್ಯುತ್ತು ಹೀರುತ್ತಿತ್ತು. ಬ್ಯಾಟರಿ ಪೆಟ್ಟಿಗೆಗೆ ಜಾಗ ಬೇಡ, ತಂತಿ ಬೇಡ. ಯಾವ ಬೋಗಿಯ ಕೆಳಗೆ ಬೇಕಾದರೂ ಆ ಮೋಟಾರನ್ನು ಸಿಕ್ಕಿಸಿದರೆ ಅದು ಎಂಜಿನ್ನಾಗುತ್ತಿತ್ತು. ಎರಡು ಮೋಟಾರು ಹಾಕಿದರೆ ಉದ್ದದ ಗೂಡ್ಸ್ ಗಾಡಿಯನ್ನೂ ಎಳೆಯಬಹುದು. ಎರಡು ಹಳಿ ಮತ್ತು ಸ್ಲೀಪರುಗಳು ಕೂಡಿ ಒಂದೇ ತುಂಡಾದದ್ದರಿಂದ ನೆಲದ ಮೇಲೆ ದಾರಿ ಹಾಸುವುದು ಕೆಲವೇ ನಿಮಿಷಗಳ ಕೆಲಸವಾಯಿತು. ಹಳಿಯನ್ನು ಆಗಾಗ ಒರೆಸಿ ದೂಳು ತೆಗೆಯಬೇಕು ಎಂಬುದೊಂದು ಕಿರಿಕಿರಿ. ರೈಲು ಸುತ್ತಿ ಬಂದು ತಾನು ಬಂದ ಹಳಿಗೇ ಎದುರುಮುಖವಾಗಿ ಸೇರುವಂತೆ ದಾರಿ ಹಾಸಿದರೆ ಧನವೂ ಋಣವೂ ಕೂಡಿ ಶಾರ್ಟ್ ಆಗುತ್ತದೆ ಎಂಬುದು ಇನ್ನೊಂದು. ಮೊದಲ ವರ್ಷದಲ್ಲೇ ಬಂದ 4558ನೇ ಮೆಟ್ರೋಲೈನರ್ ಈ ಕಾಲದ ಹೆಗ್ಗುರುತು. ಅದರ ಚಾವಣಿ ತೆಗೆದರೆ ಒಳಗೆ ಸೀಟುಗಳು, ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಬಹುದು. 2001ರಲ್ಲಿ ಕಂಪನಿ ಅದನ್ನೇ 10001 ಎಂಬ ನಂಬರಿನಲ್ಲಿ ಮತ್ತೆ ಮಾರಾಟಕ್ಕೆ ತಂದಿತು.

9 ವೋಲ್ಟಿಗೆ ದೂರನಿಯಂತ್ರಣದ ಪಾಯಿಂಟ್ಸಾಗಲಿ, ರೈಲನ್ನು ನಿಲ್ಲಿಸುವ ಸಿಗ್ನಲ್ಲಾಗಲಿ ಬರಲೇ ಇಲ್ಲ. ಪಾಯಿಂಟ್ಸನ್ನು ಕೈಯಿಂದಲೇ ತಿರುಗಿಸಬೇಕು, ಸಿಗ್ನಲ್ ಬರೀ ಅಲಂಕಾರ. ಹಾಗಾಗಿ ಓಟದ ಮಟ್ಟಿಗೆ 9 ವೋಲ್ಟ್ ಒಂದು ಹೆಜ್ಜೆ ಮುಂದೆ, ಆಟದ ಮಟ್ಟಿಗೆ ಎರಡು ಹೆಜ್ಜೆ ಹಿಂದೆ. ಆದರೂ ಹವ್ಯಾಸಿಗಳ ಬಳಗ ಬೆಳೆದದ್ದು ಇದರ ಮೇಲೆಯೇ. ಕಾರಣ ಸರಳ: ಪ್ರದರ್ಶನವೊಂದರಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ರೈಲನ್ನು ನಿಲ್ಲಿಸದೆ ಓಡಿಸಲು ಹಳಿಯಲ್ಲೇ ವಿದ್ಯುತ್ತು ಇರಬೇಕು. 1990ರ ದಶಕದಲ್ಲಿ ಅಮೆರಿಕದ ಕೆಲವು ನಗರಗಳಲ್ಲಿ ವಯಸ್ಕ ಹವ್ಯಾಸಿಗಳು ಲೆಗೊ ರೈಲು ಕ್ಲಬ್ಬುಗಳನ್ನು ಕಟ್ಟಿದರು. ಮಾದರಿ ರೈಲುಗಳ ಮೇಳಗಳಲ್ಲಿ ತಮಗೂ ಒಂದು ಮೂಲೆ ಕೇಳಿ ಪಡೆದರು. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಕಟ್ಟಿದ ಊರಿನ ತುಣುಕನ್ನು ತಂದು ಸೇರಿಸಿದರೆ ಒಂದು ದೊಡ್ಡ ನಗರವಾಗುವಂತೆ ಮೇಜಿನ ಅಳತೆ, ಹಳಿ ಹಾಯುವ ಜಾಗ ಎಲ್ಲವನ್ನೂ ಮೊದಲೇ ಗೊತ್ತು ಮಾಡಿಕೊಂಡರು.

ಈ ಗೊತ್ತುಪಾಡು ಸಾಧ್ಯವಾಗುವುದು ಲೆಗೊ ಹಳಿಯ ಅಂಕಗಣಿತದಿಂದ. ಒಂದು ಸ್ಟಡ್ಡಿನಿಂದ ಮುಂದಿನ ಸ್ಟಡ್ಡಿಗೆ 8 ಮಿಲಿಮೀಟರ್. ಹಳಿಯ ಅಗಲ ಎಂಟು ಸ್ಟಡ್, ನೇರ ತುಂಡಿನ ಉದ್ದ ಹದಿನಾರು ಸ್ಟಡ್, ಅಂದರೆ 128 ಮಿಲಿಮೀಟರ್. ಎರಡು ನೇರ ತುಂಡು ಸೇರಿದರೆ 32 ಸ್ಟಡ್ಡಿನ ತಳಹಲಗೆಗೆ ಸರಿಯಾಗಿ ಹೊಂದುತ್ತದೆ. ತಿರುವಿನ ತ್ರಿಜ್ಯ 40 ಸ್ಟಡ್. ಹದಿನಾರು ತಿರುವು ತುಂಡುಗಳಿಗೆ ಒಂದು ಪೂರ್ಣ ವೃತ್ತ. ಹಳಿಯ ಹೊರ ಅಂಚುಗಳನ್ನೂ ಸೇರಿಸಿ ಆ ವೃತ್ತಕ್ಕೆ ಬೇಕಾದ ಜಾಗ ಸುಮಾರು 70 ಸೆಂಟಿಮೀಟರ್. ಸಣ್ಣ ಮನೆಯ ನೆಲಕ್ಕೆ ಇದು ಅನುಕೂಲ. ರೈಲಿನ ಅಂದಕ್ಕೆ ಇದೇ ಶಾಪ. ಹಳಿಯ ಅಗಲಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಈ ತಿರುವು ನಿಜವಾದ ರೈಲಿನ 12 ಮೀಟರ್ ತ್ರಿಜ್ಯದ ತಿರುವಿಗೆ ಸಮ. ಮುಖ್ಯ ಮಾರ್ಗಗಳಲ್ಲಿ ನೂರಾರು ಮೀಟರ್ ತ್ರಿಜ್ಯ ಇರುತ್ತದೆ. ಉದ್ದನೆಯ ಬೋಗಿ ಈ ತಿರುವಿನಲ್ಲಿ ಹಳಿಯಿಂದ ಆಚೆಗೆ ಚಾಚಿಕೊಳ್ಳುತ್ತದೆ, ದೊಡ್ಡ ಚಕ್ರಗಳ ಉಗಿ ಎಂಜಿನ್ನು ಹಳಿ ತಪ್ಪುತ್ತದೆ. ಬೋಗಿಗಳನ್ನು ಗಿಡ್ಡವಾಗಿಯೇ ಕಟ್ಟಬೇಕಾದ ಕಟ್ಟುಪಾಡು ಇಲ್ಲಿಂದ ಬಂದದ್ದು.

ಅಗಲದ ವಿಷಯದಲ್ಲೂ ಹವ್ಯಾಸಿಗಳ ನಡುವೆ ಮುಗಿಯದ ವಾದವಿದೆ. ಎರಡು ಹಳಿಗಳ ಒಳಅಂಚಿನ ನಡುವಿನ ಅಂತರ ಸುಮಾರು 37.5 ಮಿಲಿಮೀಟರ್. ಯುರೋಪಿನ 1435 ಮಿಲಿಮೀಟರಿನ ಹಳಿಗೆ ಇದನ್ನು ಹೋಲಿಸಿದರೆ ಪ್ರಮಾಣ 38ಕ್ಕೆ ಒಂದು. ಮೂರು ಮೀಟರ್ ಅಗಲದ ಬೋಗಿ ಆ ಪ್ರಮಾಣದಲ್ಲಿ ಹತ್ತು ಸ್ಟಡ್ ಅಗಲವಾಗಬೇಕು. ಕಂಪನಿಯ ಬಹುಪಾಲು ಬೋಗಿಗಳು ಮೊದಲಿನಿಂದಲೂ ಆರು ಸ್ಟಡ್ ಅಗಲದವು. ಆರೇ ಸಾಕು, ಆಟಿಕೆಯ ಊರಿಗೆ ಅದೇ ಹೊಂದುತ್ತದೆ ಎನ್ನುವವರು ಒಂದು ಕಡೆ. ಎಂಟು ಇದ್ದರೆ ಮಾತ್ರ ಎಂಜಿನ್ನಿಗೆ ಮೈಕಟ್ಟು ಬರುತ್ತದೆ, ಒಳಗೆ ಇಬ್ಬರು ಅಕ್ಕಪಕ್ಕ ಕೂರಬಹುದು ಎನ್ನುವವರು ಇನ್ನೊಂದು ಕಡೆ. ಹತ್ತು ಸ್ಟಡ್ಡಿನ ಬೋಗಿ ತಿರುವಿನಲ್ಲಿ ತೀರ ವಾಲಿ ಕಾಣುವುದರಿಂದ ಎಂಟು ಒಳ್ಳೆಯ ಮಧ್ಯದ ದಾರಿ. ಪ್ರದರ್ಶನಗಳಲ್ಲಿ ಕಾಣುವ ಉತ್ತಮ ಕೆಲಸಗಳಲ್ಲಿ ಬಹುಪಾಲು ಆ ಅಗಲದವೇ. ಭಾರತದ ರೈಲನ್ನು ಇದೇ ಹಳಿಯ ಮೇಲೆ ಕಟ್ಟುವವರಿಗೆ ಲೆಕ್ಕ ಸ್ವಲ್ಪ ಬೇರೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಬೋಗಿಯ ಅಗಲ ಮೂರೂಕಾಲು ಮೀಟರಿನ ಆಸುಪಾಸು. ಆ ಪ್ರಮಾಣದಲ್ಲಿ ಒಂಬತ್ತು ಸ್ಟಡ್ ಬೇಕು. ಹಳಿ ಅಗಲವಾದಷ್ಟೂ ಮಾದರಿ ಕಿರಿದಾಗುವುದರಿಂದ, ಎಂಟು ಸ್ಟಡ್ಡಿನ ಭಾರತೀಯ ಬೋಗಿ ಅದೇ ಅಗಲದ ಯುರೋಪಿನ ಬೋಗಿಗಿಂತ ನಿಜಕ್ಕೆ ಹತ್ತಿರವಾಗಿರುತ್ತದೆ.

2000ದ ಆರಂಭದಲ್ಲಿ ಕಂಪನಿಗೆ ಈ ವಯಸ್ಕ ಹವ್ಯಾಸಿಗಳು ಕಣ್ಣಿಗೆ ಬಿದ್ದರು. ಬೇಕಾದ ಬಣ್ಣದ ಎಂಜಿನ್ನನ್ನು ಆರಿಸಿ, ಬೋಗಿಗಳನ್ನು ಒಂದೊಂದಾಗಿ ಕೊಳ್ಳುವ ‘ಮೈ ಓನ್ ಟ್ರೈನ್’ ಸರಣಿ 2001ರಲ್ಲಿ ಬಂತು. ಮರುವರ್ಷ ಬಂದ ಸಾಂಟಾ ಫೇ ಸೂಪರ್ ಚೀಫ್, ಅಮೆರಿಕದ ನಿಜವಾದ ಡೀಸೆಲ್ ಎಂಜಿನ್ನೊಂದರ ಕೆಂಪು, ಹಳದಿ, ಬೂದು ಬಣ್ಣಗಳನ್ನು ಹಾಗೆಯೇ ಹೊತ್ತು ತಂದಿತು. ಮೊದಲ ಹತ್ತು ಸಾವಿರ ಪೆಟ್ಟಿಗೆಗಳಿಗೆ ಕ್ರಮಸಂಖ್ಯೆ ಇತ್ತು. 2007ರ ‘ಹಾಬಿ ಟ್ರೈನ್’ ಸೆಟ್ಟಿನಲ್ಲಿ ಒಂದೇ ಪೆಟ್ಟಿಗೆಯ ಇಟ್ಟಿಗೆಗಳಿಂದ ಕಟ್ಟಬಹುದಾದ ಮೂವತ್ತು ಮಾದರಿಗಳಿದ್ದವು. ಅವುಗಳನ್ನು ರೂಪಿಸಿದವರು ಹವ್ಯಾಸಿಗಳೇ.

ಅದೇ ಹೊತ್ತಿನಲ್ಲಿ ಕಂಪನಿ ಮುಳುಗುವ ಅಂಚಿಗೆ ಬಂದಿತ್ತು. 2003ರಲ್ಲಿ ಭಾರಿ ನಷ್ಟವಾಗಿ, 2004ರಲ್ಲಿ ಯಾರ್ಗೆನ್ ವಿಗ್ ಕ್ನುಡ್‌ಸ್ಟಾರ್ಪ್ ಮುಖ್ಯಸ್ಥರಾದ ಮೇಲೆ ಖರ್ಚಿನ ಪ್ರತಿ ಬಾಬತ್ತನ್ನೂ ಅಳೆದು ನೋಡಲಾಯಿತು. ಲೋಹದ ಹೊದಿಕೆಯ ಹಳಿ ತಯಾರಿಸಲು ದುಬಾರಿ, ಅದನ್ನು ಕೊಳ್ಳುವವರು ಕಡಿಮೆ. 2006ರಲ್ಲಿ ಪೂರ್ತಿ ಪ್ಲಾಸ್ಟಿಕ್ ಹಳಿಯ ಮೇಲೆ ಓಡುವ, ಬ್ಯಾಟರಿ ಹೊತ್ತ, ಇನ್‌ಫ್ರಾರೆಡ್ ರಿಮೋಟಿನ ರೈಲುಗಳು ಬಂದವು. 2007ರಲ್ಲಿ 9 ವೋಲ್ಟಿನ ಪದ್ಧತಿಯನ್ನು ನಿಲ್ಲಿಸುವುದಾಗಿ ಕಂಪನಿ ಹೇಳಿತು. ಸಂಸ್ಥೆ ಉಳಿಯುವುದೇ ಅನುಮಾನವಾಗಿದ್ದಾಗ ಈ ತೀರ್ಮಾನ ಅರ್ಥವಾಗುವಂಥದ್ದೇ. ಸಂಸ್ಥೆ ಚೇತರಿಸಿಕೊಂಡು ಜಗತ್ತಿನ ಮುಂಚೂಣಿಯ ಆಟಿಕೆ ಕಂಪನಿಯಾದ ಮೇಲೂ ಲೋಹದ ಹಳಿಯನ್ನು ಮರಳಿ ತರದೇ ಇದ್ದದ್ದು ಮಾತ್ರ ಒಪ್ಪಲು ಕಷ್ಟ.

2006ರ ರೈಲುಗಳು ಈ ಅರವತ್ತು ವರ್ಷಗಳಲ್ಲೇ ಅತ್ಯಂತ ದುರ್ಬಲವಾದವು. ಸೆಲ್ಲುಗಳನ್ನು ಹೊತ್ತ ಉದ್ದನೆಯ ತಳಭಾಗ ಒಂದೇ ಅಚ್ಚಿನ ತುಂಡು. ಅದರ ಮೇಲೆ ಬೇರೆ ಆಕಾರದ ಎಂಜಿನ್ನು ಕಟ್ಟುವುದಕ್ಕೆ ಅವಕಾಶವೇ ಕಡಿಮೆ. ಎಳೆಯುವ ಶಕ್ತಿಯೂ ಸಾಲದು. ಹಾಗಾಗಿ ಕೆಲವೇ ವರ್ಷಗಳಲ್ಲಿ ಅದು ಹೋಗಿ, ಮೋಟಾರು, ಬ್ಯಾಟರಿ ಪೆಟ್ಟಿಗೆ, ಇನ್‌ಫ್ರಾರೆಡ್ ಗ್ರಾಹಕ ಮೂರೂ ಬೇರೆ ಬೇರೆಯಾದ ‘ಪವರ್ ಫಂಕ್ಷನ್ಸ್’ ಬಂತು. ಇದರಲ್ಲಿ ಎಂಜಿನ್ನನ್ನು ಬೇಕಾದ ಹಾಗೆ ಕಟ್ಟಬಹುದು. ಆದರೆ ರಿಮೋಟಿನ ಕಿರಣ ಗ್ರಾಹಕಕ್ಕೆ ನೇರವಾಗಿ ಕಾಣಬೇಕಾದ್ದರಿಂದ ಅದನ್ನು ಚಾವಣಿಯ ಮೇಲೆ ಇಣುಕುವಂತೆ ಇಡಬೇಕಿತ್ತು. ರೈಲು ಸುರಂಗ ಹೊಕ್ಕರೆ ಹಿಡಿತ ತಪ್ಪುತ್ತಿತ್ತು, ಜೋರು ಬಿಸಿಲಿನಲ್ಲೂ ತಪ್ಪುತ್ತಿತ್ತು. 2009ರ ‘ಎಮರಾಲ್ಡ್ ನೈಟ್’ ಎಂಬ ಹಸಿರು ಉಗಿ ಎಂಜಿನ್ನು ಈ ಕಾಲದ ಒಳ್ಳೆಯ ಫಲ. ಉಗಿ ಎಂಜಿನ್ನಿಗೆ ಬೇಕಾದ ದೊಡ್ಡ ಚಾಲಕ ಚಕ್ರಗಳನ್ನು ಕಂಪನಿ ಆಗ ತಾನೇ ಅಚ್ಚು ಹಾಕಿತು. ಅದಕ್ಕೂ ಮೊದಲು ಅಂಥ ಚಕ್ರ ಬೇಕಾದವರು ಬಿಗ್ ಬೆನ್ ಬ್ರಿಕ್ಸ್ ಎಂಬ ಅಮೆರಿಕದ ಪುಟ್ಟ ಸಂಸ್ಥೆಯಿಂದ ತರಿಸಿಕೊಳ್ಳುತ್ತಿದ್ದರು. ಬಾಗುವ ಹಳಿ ತುಂಡುಗಳೂ ಇದೇ ಸುಮಾರಿಗೆ ಬಂದವು. ಎಲ್ಲಿ ಬೇಕಾದರೂ ತಿರುಗಿಸಬಹುದು ಎಂಬುದು ಅವುಗಳ ಗುಣ, ಪ್ರತಿ ಸಂದಿನಲ್ಲೂ ಚಕ್ರ ಕಟಕಟ ಬಡಿಯುವುದು ದೋಷ. ಉದ್ದಕ್ಕೂ ಅವನ್ನೇ ಹಾಸಿದವರು ಬಹುಬೇಗ ನೇರ ತುಂಡುಗಳಿಗೆ ಮರಳಿದರು.

2018ರಲ್ಲಿ ಬ್ಲೂಟೂತಿನ ‘ಪವರ್ಡ್ ಅಪ್’ ಬಂದು ಸುರಂಗದ ಸಮಸ್ಯೆಯನ್ನು ನೀಗಿಸಿತು. ಆರು ಸಣ್ಣ ಸೆಲ್ಲುಗಳ ಪೆಟ್ಟಿಗೆಯಲ್ಲೇ ಗ್ರಾಹಕವೂ ಅಡಗಿದೆ. ಕೈಯ ರಿಮೋಟಿನಿಂದಲೂ ಓಡಿಸಬಹುದು, ಮೊಬೈಲ್ ಫೋನಿನಿಂದಲೂ ಓಡಿಸಬಹುದು. ಫೋನಿನ ಮೂಲಕ ಓಡಿಸುವುದರಲ್ಲಿ ಒಂದು ಚಿಂತೆಯಿದೆ. 1969ರ ಮೋಟಾರು ಇಂದಿಗೂ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದರೆ ತಿರುಗುತ್ತದೆ. ಫೋನಿನ ತಂತ್ರಾಂಶಕ್ಕೆ ಅಷ್ಟು ಆಯಸ್ಸು ಇರುವುದಿಲ್ಲ. ಪಟ್ಟಣದ ಸರಣಿಯ ಹೊಸ ರೈಲುಗಳು 2006, 2010, 2014, 2018, 2022 ಹೀಗೆ ನಾಲ್ಕು ವರ್ಷಕ್ಕೊಮ್ಮೆ ಬಂದಿವೆ: ಪ್ರತಿ ಸಲ ಒಂದು ಪ್ರಯಾಣಿಕರ ರೈಲು, ಒಂದು ಗೂಡ್ಸ್.

ಕಂಪನಿ ಬಿಟ್ಟ ಜಾಗವನ್ನು ಈಗ ಹವ್ಯಾಸಿಗಳೇ ಕಟ್ಟಿದ ಸಣ್ಣ ಸಂಸ್ಥೆಗಳು ತುಂಬುತ್ತಿವೆ. ಅಮೆರಿಕದ ಬ್ರಿಕ್‌ಟ್ರ್ಯಾಕ್ಸ್, ಪೋಲೆಂಡಿನ ಟ್ರಿಕ್ಸ್‌ಬ್ರಿಕ್ಸ್ ಮೊದಲಾದವು 56, 72, 104 ಸ್ಟಡ್ ತ್ರಿಜ್ಯದ ಅಗಲವಾದ ತಿರುವುಗಳನ್ನು, ಬಗೆಬಗೆಯ ಪಾಯಿಂಟ್ಸ್‌ಗಳನ್ನು ಮಾರುತ್ತವೆ. 104 ಸ್ಟಡ್ ಎಂದರೆ 83 ಸೆಂಟಿಮೀಟರ್ ತ್ರಿಜ್ಯ. ಅಂಥ ತಿರುವಿನಲ್ಲಿ ಎಂಟು ಸ್ಟಡ್ ಅಗಲದ ಉದ್ದ ಬೋಗಿಗಳು ವಾಲದೆ, ನಿಜವಾದ ರೈಲಿನ ಗಾಂಭೀರ್ಯದಿಂದ ಸಾಗುತ್ತವೆ. ಒಮ್ಮೆ ಅದನ್ನು ನೋಡಿದವರಿಗೆ ಪೆಟ್ಟಿಗೆಯ ತಿರುವು ರುಚಿಸುವುದಿಲ್ಲ. ಎಫ್‌ಎಕ್ಸ್ ಬ್ರಿಕ್ಸ್ ಎಂಬ ಸಂಸ್ಥೆ 9 ವೋಲ್ಟಿಗೆ ಹೊಂದುವ ಲೋಹದ ಹಳಿಯನ್ನೇ ಹೊಸದಾಗಿ ತಯಾರಿಸುತ್ತಿದೆ. ಹಳೆಯ ಲೋಹದ ಹಳಿ ಮತ್ತು ಮೋಟಾರುಗಳಿಗೂ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಬೇಡಿಕೆ ಇಳಿದಿಲ್ಲ.

ಇನ್ನೊಂದು ಕಡೆ ಕಂಪನಿಯ ದೊಡ್ಡ ಸೆಟ್ಟುಗಳು ಹಳಿಯಿಂದ ಕಪಾಟಿನತ್ತ ಸರಿಯುತ್ತಿವೆ. 2020ರ ‘ಕ್ರೊಕೊಡೈಲ್’ ಸ್ವಿಟ್ಜರ್ಲೆಂಡಿನ ಗೊಥಾರ್ಡ್ ಮಾರ್ಗದ ಹೆಸರಾಂತ ವಿದ್ಯುತ್ ಎಂಜಿನ್ನಿನ ಮಾದರಿ, 1271 ತುಂಡುಗಳದ್ದು. ಇದೇ ಎಂಜಿನ್ನನ್ನು ಕಂಪನಿ 1991ರಲ್ಲಿ 9 ವೋಲ್ಟಿಗೂ ಮಾಡಿತ್ತು, ಆಗ ಅದು ಆಟಿಕೆ. ಹೊಸದಕ್ಕೆ ಮೋಟಾರು ಹಾಕಬಹುದು, ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. 2022ರ ಹಾಗ್‌ವಾರ್ಟ್ಸ್ ಎಕ್ಸ್‌ಪ್ರೆಸ್ 5129 ತುಂಡುಗಳ ಪ್ರದರ್ಶನದ ವಸ್ತು. 2023ರ ಓರಿಯೆಂಟ್ ಎಕ್ಸ್‌ಪ್ರೆಸ್ ಹವ್ಯಾಸಿಯೊಬ್ಬರು ಮುಂದಿಟ್ಟ ಕಲ್ಪನೆಯಿಂದ ಹುಟ್ಟಿದ್ದು. ಕಡುನೀಲಿ ಬೋಗಿಗಳ ಒಳಗೆ ಊಟದ ಮೇಜು, ಮಲಗುವ ಕೋಣೆಗಳನ್ನೂ ಅಚ್ಚುಕಟ್ಟಾಗಿ ಕೂರಿಸಿದ್ದಾರೆ. ಆದರೆ ಅದಕ್ಕೆ ಮೋಟಾರು ಅಳವಡಿಸುವ ವ್ಯವಸ್ಥೆ ಇರಲಿಲ್ಲ, ಹವ್ಯಾಸಿಗಳಿಗೆ ಬೇಸರವಾದದ್ದು ಅದಕ್ಕೇ. ಸೆಟ್ಟು ಹೊರಬಂದ ಮೇಲೆ ಅವರಲ್ಲಿ ಹಲವರು ಮೊದಲು ಕೈಹಾಕಿದ ಕೆಲಸ, ಎಂಜಿನ್ನಿನ ಒಳಭಾಗವನ್ನು ಬಿಚ್ಚಿ ಮೋಟಾರಿಗೂ ಬ್ಯಾಟರಿಗೂ ಜಾಗ ಮಾಡುವುದು.